ಒಣ ಊರಿನಲ್ಲೂ ಬೂಷ್ಟಿನ ಉಬ್ಬಸ

ಬೂಷ್ಟು ಎಂದೊಡನೆ ನೆನಪಾಗುವುದು ಆಷಾಢದ ಮಲೆನಾಡು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಗೋಡೆ ಬೆವರುತ್ತದೆ. ಟ್ರಂಕಿನೊಳಗಿನ ರೇಷ್ಮೆ ಸೀರೆಯ ಮೇಲೆ ಬಿಳಿ ಮಚ್ಚೆ ಏಳುತ್ತದೆ. ಮೂಲೆಗಿಟ್ಟ ಚರ್ಮದ ಚಪ್ಪಲಿ ವಾರದೊಳಗೆ ಹಸಿರಾಗುತ್ತದೆ. ಆದ್ದರಿಂದ ಬೂಷ್ಟಿನ ಅಲರ್ಜಿ, ಅದು ತರುವ ಸೀನು, ಮೂಗು ಕಟ್ಟುವುದು, ಉಬ್ಬಸ ಎಲ್ಲವೂ ಮಳೆನಾಡಿನವರ ಪಾಡು ಎಂದು ನಾವು ನಂಬಿದ್ದೇವೆ. ಬಯಲುಸೀಮೆಯವರಿಗೆ ಅದರ ಗೊಡವೆ ಇಲ್ಲ, ಉಬ್ಬಸದವರು ಒಣಹವೆಯ ಊರಿಗೆ ಹೋಗಿ ಇದ್ದರೆ ಸರಿಹೋಗುತ್ತಾರೆ ಎಂಬ ಮಾತು ಹಿರಿಯರ ಬಾಯಲ್ಲಿ ಈಗಲೂ ಇದೆ.

ಇದೇ ನಂಬಿಕೆಯಿಂದ ಅಮೆರಿಕದ ವೈದ್ಯರು ಒಂದು ಕಾಲಕ್ಕೆ ಎದೆರೋಗದವರನ್ನು ಅರಿಜೋನಾ ರಾಜ್ಯದ ಟೂಸಾನ್ ನಗರಕ್ಕೆ ಕಳಿಸುತ್ತಿದ್ದರು. ಸುತ್ತ ಮರುಭೂಮಿ, ಕಳ್ಳಿಗಿಡ, ವರ್ಷವಿಡೀ ಬಿಸಿಲು. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 300 ಮಿಲಿಮೀಟರ್, ನಮ್ಮ ಚಳ್ಳಕೆರೆಗಿಂತಲೂ ಕಡಿಮೆ. ಅದೇ ಟೂಸಾನ್‌ನಲ್ಲಿ ಹುಟ್ಟಿ ಬೆಳೆದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು 1997ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಆ ಮಕ್ಕಳಲ್ಲಿ ಅಸ್ತಮಾದೊಂದಿಗೆ ಬಿಗಿಯಾಗಿ ಹೆಣೆದುಕೊಂಡಿದ್ದ ಮುಖ್ಯ ಅಲರ್ಜಿ ಬೂಷ್ಟಿನದು, ಆಲ್ಟರ್ನೇರಿಯಾ ಎಂಬ ಕಪ್ಪು ಬೂಷ್ಟಿನದು.

ಇದೊಂದು ಅಪವಾದ ಎಂದು ಪಕ್ಕಕ್ಕೆ ಸರಿಸುವಂತಿಲ್ಲ. ಅದೇ 1997ರಲ್ಲಿ ಯುರೋಪಿನ ಏಳು ದೇಶಗಳ ಸಮೀಕ್ಷೆಯೊಂದು ಹೊರಬಂತು. ಉಸಿರಾಟದ ಅಲರ್ಜಿ ಇರಬಹುದೆಂದು ಪರೀಕ್ಷೆಗೆ ಬಂದ 877 ಜನರಲ್ಲಿ ಶೇ 9.5ರಷ್ಟು ಮಂದಿಗೆ ಆಲ್ಟರ್ನೇರಿಯಾ ಇಲ್ಲವೇ ಕ್ಲಾಡೋಸ್ಪೋರಿಯಂ ಎಂಬ ಬೂಷ್ಟು ಆಗಿಬರುತ್ತಿರಲಿಲ್ಲ. ಕುತೂಹಲ ಕೆರಳಿಸುವುದು ದೇಶವಾರು ಲೆಕ್ಕ. ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿರುವ ಪೋರ್ಚುಗಲ್‌ನಲ್ಲಿ ಶೇ 3, ಅದರ ಪಕ್ಕದ ಸ್ಪೇನ್‌ನಲ್ಲಿ ಶೇ 20. ಆಸ್ಟ್ರೇಲಿಯಾದಲ್ಲೂ ಇದೇ ಕಥೆ. ತೇವದ ಕರಾವಳಿಯಲ್ಲಿ ಮಕ್ಕಳ ಅಸ್ತಮಾಕ್ಕೆ ಹಾಸಿಗೆ ದೂಳಿನ ನುಸಿ ದೊಡ್ಡ ಕಾರಣವಾದರೆ, ಒಳನಾಡಿನ ಒಣ ಗೋಧಿ ಬಯಲಿನಲ್ಲಿ ಆ ಜಾಗವನ್ನು ಆಲ್ಟರ್ನೇರಿಯಾ ಹಿಡಿದಿದೆ.

ಮಳೆ ಹೆಚ್ಚಿದ್ದಲ್ಲಿ ಬೂಷ್ಟಿನ ಅಲರ್ಜಿ ಹೆಚ್ಚು, ಬಿಸಿಲಿದ್ದಲ್ಲಿ ಕಡಿಮೆ ಎಂಬ ಸೂತ್ರ ಇಲ್ಲಿಗೇ ಮುರಿದುಬಿತ್ತು. ಯಾವ ಬೂಷ್ಟು, ಯಾವ ತಿಂಗಳು, ಮನೆಯೊಳಗೋ ಹೊಲದಲ್ಲೋ ಎಂಬುದನ್ನು ಹವೆ ನಿರ್ಧರಿಸುತ್ತದೆ. ಆದರೆ ಬೂಷ್ಟೇ ಇಲ್ಲದ ಹವೆ ಎಂಬುದು ಜನ ಬಾಳುವ ಭೂಮಿಯ ಮೇಲೆಲ್ಲೂ ಇಲ್ಲ.

ಬಿಸಿಲಿಗೆ ಹಾರುವವು, ಇರುಳಿಗೆ ಸಿಡಿಯುವವು

ನಮ್ಮನ್ನು ಕಾಡುವುದು ಗೋಡೆಯ ಮೇಲೆ ಕಾಣುವ ಕಪ್ಪು ಕಲೆಯಲ್ಲ, ಅದರಿಂದ ಕಳಚಿ ಗಾಳಿಗೆ ಸೇರುವ ಬೀಜಕಗಳು. ಆಸ್ಪರ್ಜಿಲಸ್, ಪೆನಿಸಿಲಿಯಂಗಳ ಬೀಜಕ ಎರಡು ಮೂರು ಮೈಕ್ರಾನ್‌ನಷ್ಟು ಸಣ್ಣದು. ಹೂವಿನ ಪರಾಗ ಮೂಗು, ಗಂಟಲಿನಲ್ಲೇ ಹೆಚ್ಚಾಗಿ ನಿಂತರೆ ಇವು ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಆಲ್ಟರ್ನೇರಿಯಾದ ಬೀಜಕ ದಪ್ಪನೆಯದು, ಸೂಕ್ಷ್ಮದರ್ಶಕದಲ್ಲಿ ಸಣ್ಣ ಗದೆಯ ಹಾಗೆ ಕಾಣುತ್ತದೆ. ಅದು ಒಡೆದು ಚೂರಾದರೆ ಆ ಚೂರುಗಳೂ ಒಳಗಿಳಿಯಬಲ್ಲವು.

ಗಾಳಿಯಲ್ಲಿ ಇವೆಷ್ಟಿವೆ ಎಂದು ಎಣಿಸುವುದು ಬಹುಕಾಲ ಅಂದಾಜಿನ ಕೆಲಸವಾಗಿತ್ತು. ಇಂಗ್ಲೆಂಡಿನ ರಾಥಂಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಜೆ.ಎಂ. ಹರ್ಸ್ಟ್ 1952ರಲ್ಲಿ ಒಂದು ಯಂತ್ರ ರೂಪಿಸಿದರು. ಅದು ನಿಮಿಷಕ್ಕೆ ಹತ್ತು ಲೀಟರ್ ಗಾಳಿಯನ್ನು, ಅಂದರೆ ಹೆಚ್ಚುಕಡಿಮೆ ಒಬ್ಬ ಮನುಷ್ಯ ಸೇದುವಷ್ಟನ್ನು, ಒಳಗೆಳೆದುಕೊಳ್ಳುತ್ತದೆ. ಒಳಗೆ ಮೆಲ್ಲಗೆ ಸರಿಯುವ ಅಂಟು ಪಟ್ಟಿಯ ಮೇಲೆ ಬೀಜಕಗಳು ಬಂದು ಅಂಟುತ್ತವೆ. ಯಾವ ಗಂಟೆಗೆ ಯಾವುದು ಎಷ್ಟು ಬಂತೆಂಬುದು ಆ ಪಟ್ಟಿಯಲ್ಲೇ ದಾಖಲಾಗುತ್ತದೆ. ಇಂದಿಗೂ ಜಗತ್ತಿನ ಬಹುಪಾಲು ಪರಾಗ, ಬೀಜಕ ಎಣಿಕೆ ಕೇಂದ್ರಗಳಲ್ಲಿರುವುದು ಇದೇ ವಿನ್ಯಾಸದ ಯಂತ್ರ. ಹರ್ಸ್ಟ್ ಮತ್ತು ಅವರ ಸಹೋದ್ಯೋಗಿ ಪಿ.ಎಚ್. ಗ್ರೆಗರಿ ಇವರಿಬ್ಬರೂ ಸಸ್ಯರೋಗ ತಜ್ಞರು. ಬೆಳೆಗೆ ರೋಗ ಹೇಗೆ ಹರಡುತ್ತದೆಂದು ತಿಳಿಯಲು ಹೊರಟವರು ಉಬ್ಬಸದ ವೈದ್ಯರಿಗೆ ಬೇಕಾದ ಕೀಲಿಕೈಯನ್ನೇ ಕೊಟ್ಟರು.

ಆ ಅಂಟು ಪಟ್ಟಿಗಳಲ್ಲಿ ಎರಡು ಗುಂಪು ಬೇರೆಬೇರೆಯಾಗಿ ಕಂಡವು. ಒಂದು ಹಗಲಿನದು. ಆಲ್ಟರ್ನೇರಿಯಾ, ಕ್ಲಾಡೋಸ್ಪೋರಿಯಂಗಳು ಒಣಗುತ್ತಿರುವ ಎಲೆ, ಕಾಂಡ, ತೆನೆಗಳ ಮೇಲೆ ಬೆಳೆಯುತ್ತವೆ. ಬೆಳೆಯಲು ಅವಕ್ಕೆ ಬೇಕಾದ್ದು ಸ್ವಲ್ಪವೇ ತೇವ. ಒಂದು ಹದಮಳೆ, ಬೆಳಗಿನ ಇಬ್ಬನಿ, ಕಾಲುವೆಯ ನೀರು, ಇಷ್ಟಾದರೆ ಸಾಕು. ಆಮೇಲೆ ಬಿಸಿಲೇರಿ ಎಲೆ ಒಣಗಿ ಗಾಳಿ ಬೀಸಿತೆಂದರೆ ಬೀಜಕಗಳು ಹೊಟ್ಟು ತೂರಿದ ಹಾಗೆ ಮೇಲೇಳುತ್ತವೆ. ಇನ್ನೊಂದು ಗುಂಪು ಇರುಳಿನದು. ಅಣಬೆಗಳ ಮತ್ತು ಅವುಗಳ ದೂರದ ನೆಂಟರ ಬೀಜಕ ಸಿಡಿಯಲು ನೀರೇ ಬೇಕು. ಮಳೆ ನಿಂತ ಮೇಲೆ, ನಡುರಾತ್ರಿಯಿಂದ ನಸುಕಿನವರೆಗೆ ತೇವ ಕವಿದಿದ್ದಾಗ ಅವು ಗಾಳಿಗೆ ಬೀಳುತ್ತವೆ.

ಟೂಸಾನ್‌ನ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಅಲ್ಲೂ ಜುಲೈ ಹೊತ್ತಿಗೆ ಒಂದು ಪುಟ್ಟ ಮಳೆಗಾಲ ಉಂಟು. ಮರಳು ತೋಯುತ್ತದೆ, ಹುಲ್ಲು ಚಿಗುರುತ್ತದೆ, ಬೇಗನೆ ಬಾಡುತ್ತದೆ, ಮತ್ತೆ ಬಿಸಿಲು, ಮತ್ತೆ ಗಾಳಿ. ಒಣ ಬೀಜಕಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಬೇಕಿಲ್ಲ. ಎಡೆಬಿಡದೆ ಮಳೆ ಹುಯ್ಯುವ ಕಡೆ ಇದೇ ಬೀಜಕಗಳನ್ನು ಮಳೆಹನಿ ಗಾಳಿಯಿಂದ ತೊಳೆದು ನೆಲಕ್ಕೆ ಹಾಕುತ್ತಿರುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೆಲವನ್ನು ಹಿಮ ಮುಚ್ಚಿದ ಮೇಲೆ ಹೊಲದ ಬೂಷ್ಟಿನ ಕಾಲ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಉಷ್ಣವಲಯದ ನಮಗೆ ಆ ಬಿಡುವೂ ಇಲ್ಲ.

ಒಣ ಬೀಜಕಗಳ ಬಲ ಎಷ್ಟೆಂಬುದನ್ನು ತೋರಿಸಿದ್ದು ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1991ರಲ್ಲಿ ಬರೆದ ವರದಿ. ಗೋಧಿ, ಮೆಕ್ಕೆಜೋಳ ಬೆಳೆಯುವ ಬಯಲು ರಾಜ್ಯಗಳಲ್ಲಿ 11ರಿಂದ 25 ವರ್ಷದ ಹನ್ನೊಂದು ಮಂದಿ ಅಸ್ತಮಾ ರೋಗಿಗಳಿಗೆ ಹಠಾತ್ತಾಗಿ ಉಸಿರೇ ನಿಂತುಹೋಗಿತ್ತು. ಎಲ್ಲವೂ ನಡೆದದ್ದು ಬೇಸಿಗೆ ಮತ್ತು ಅದು ಮುಗಿಯುವ ಹೊತ್ತಿನಲ್ಲಿ, ಗಾಳಿಯಲ್ಲಿ ಆಲ್ಟರ್ನೇರಿಯಾ ತುಂಬಿರುವ ಕಾಲದಲ್ಲಿ. ಆ ಹನ್ನೊಂದು ಜನರಲ್ಲಿ ಹತ್ತು ಮಂದಿಗೆ ಆಲ್ಟರ್ನೇರಿಯಾ ಅಲರ್ಜಿ ಇತ್ತು. ಅದೇ ವೈದ್ಯರು ಹೋಲಿಕೆಗೆಂದು ನೋಡಿದ ಇತರ ಅಸ್ತಮಾ ರೋಗಿಗಳಲ್ಲಿ ಈ ಪ್ರಮಾಣ ಶೇ 31 ಮಾತ್ರ. ಹಲವು ದೇಶಗಳ 1,132 ಅಸ್ತಮಾ ರೋಗಿಗಳನ್ನು ನೋಡಿದ 2002ರ ಇನ್ನೊಂದು ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ಮಾಡಿತು. ಬೂಷ್ಟಿನ ಅಲರ್ಜಿ ಇದ್ದವರ ಅಸ್ತಮಾ ತೀವ್ರವಾಗಿರುವ ಸಾಧ್ಯತೆ ಹೆಚ್ಚು. ಎಷ್ಟು ಜನರಿಗೆ ಈ ಅಲರ್ಜಿ ಇದೆ ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ಈ ತೀವ್ರತೆ. ಪರಾಗದ ಅಲರ್ಜಿಗಿಂತ ಇದರ ಸಂಖ್ಯೆ ಕಡಿಮೆಯಾಗಿರಬಹುದು, ಪೆಟ್ಟು ಕಡಿಮೆಯಲ್ಲ.

ಗುಡುಗು ಮಳೆಯ ಸಂಗತಿಯನ್ನೂ ಇಲ್ಲಿ ಹೇಳಬೇಕು. 1983ರ ಜುಲೈನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಗುಡುಗು ಮಳೆ ಬಂದಾಗ ಉಬ್ಬಸದವರು ಆಸ್ಪತ್ರೆಗೆ ಸಾಲುಗಟ್ಟಿದರು. ಆ ಹೊತ್ತಿಗೆ ಗಾಳಿಯಲ್ಲಿ ಶಿಲೀಂಧ್ರ ಬೀಜಕಗಳು ಏರಿದ್ದುದು ದಾಖಲಾಗಿದೆ. ಕೆನಡಾದ ಒಟ್ಟಾವಾದಲ್ಲಿ ನಡೆದ ಅಧ್ಯಯನದ ಪ್ರಕಾರ ಗುಡುಗು ಮಳೆಯ ದಿನಗಳಲ್ಲಿ ಬೀಜಕಗಳು ದುಪ್ಪಟ್ಟಾಗುತ್ತವೆ, ಅಸ್ತಮಾಕ್ಕಾಗಿ ಆಸ್ಪತ್ರೆಗೆ ಓಡಿಬರುವ ಮಕ್ಕಳ ಸಂಖ್ಯೆ ಶೇ 15ರಷ್ಟು ಏರುತ್ತದೆ. 2016ರ ನವೆಂಬರ್ 21ರಂದು ಮೆಲ್ಬರ್ನ್‌ನಲ್ಲಿ ಹತ್ತು ಜೀವ ಬಲಿ ತೆಗೆದುಕೊಂಡ ಘಟನೆಯಲ್ಲಿ ಮುಖ್ಯ ಪಾತ್ರ ಹುಲ್ಲಿನ ಪರಾಗದ್ದು. ಆದರೆ ಅಂದು ಬಳಲಿದವರಲ್ಲಿ ಭಾರತ ಮತ್ತು ಏಷ್ಯಾದ ಇತರ ದೇಶಗಳ ಮೂಲದವರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚಿತ್ತು. ಆ ನಗರದಲ್ಲಿ ನೆಲೆಸಿರುವ ಕನ್ನಡಿಗರು, ಊರಲ್ಲಿದ್ದಾಗ ಉಬ್ಬಸ ಇರದಿದ್ದರೂ, ವಸಂತದ ಗುಡುಗು ಮಳೆಗೆ ಮುನ್ನ ಕಿಟಕಿ ಮುಚ್ಚಿ ಒಳಗಿರುವುದು ಒಳ್ಳೆಯದು.

ಎಷ್ಟು ಜನರಿಗೆ?

ನೇರವಾಗಿ ಕೇಳಿದರೆ ಉತ್ತರ ಹೀಗಿದೆ. ಅಮೆರಿಕದಲ್ಲಿ 1988ರಿಂದ 1994ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಮಾಡಿದಾಗ ಶೇ 12.9ರಷ್ಟು ಜನರಿಗೆ ಆಲ್ಟರ್ನೇರಿಯಾಕ್ಕೆ ಗುಳ್ಳೆ ಎದ್ದಿತು. ದೂಳಿನ ನುಸಿಗೆ ಈ ಪ್ರಮಾಣ ಶೇ 27.5 ಇತ್ತು. ಸಾಮಾನ್ಯ ಜನರಲ್ಲಿ ಸುಮಾರು ಶೇ 10ರಷ್ಟು ಮಂದಿಯ ರಕ್ತದಲ್ಲಿ ಯಾವುದಾದರೊಂದು ಬೂಷ್ಟಿನ ವಿರುದ್ಧ ಅಲರ್ಜಿಯ ಪ್ರತಿಕಾಯ ಇರುತ್ತದೆ, ಅವರಲ್ಲಿ ಅರ್ಧದಷ್ಟು ಜನ, ಅಂದರೆ ಶೇ 5ರಷ್ಟು ಮಂದಿ, ಬದುಕಿನ ಯಾವುದೋ ಘಟ್ಟದಲ್ಲಿ ಅದರಿಂದ ಬಳಲುತ್ತಾರೆ ಎಂಬುದು ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಅಂದಾಜು. ಶೇ 10 ಮತ್ತು ಶೇ 5ರ ನಡುವಿನ ಈ ಅಂತರವನ್ನು ಮರೆಯಬಾರದು. ಚರ್ಮದ ಮೇಲೆ ಗುಳ್ಳೆ ಎದ್ದವರೆಲ್ಲ ರೋಗಿಗಳಲ್ಲ. ಅಸ್ತಮಾ ರೋಗಿಗಳ ನಡುವೆ ನೋಡಿದರೆ ಚಿತ್ರವೇ ಬದಲಾಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಚಂಡೀಗಢದ ವೈದ್ಯರ 2009ರ ವಿಶ್ಲೇಷಣೆಯಲ್ಲಿ, ಅಸ್ತಮಾ ಚಿಕಿತ್ಸಾಲಯಗಳಿಗೆ ಬಂದವರ ಪೈಕಿ ಶೇ 28ರಷ್ಟು ಜನರಿಗೆ ಆಸ್ಪರ್ಜಿಲಸ್ ಎಂಬ ಒಂದೇ ಬೂಷ್ಟಿನ ಅಲರ್ಜಿ ಕಂಡುಬಂದಿತ್ತು.

ಇಷ್ಟು ಹೇಳಿದ ಮೇಲೆ ಈ ಅಂಕಿಗಳ ಬುಡವನ್ನೂ ನೋಡಬೇಕು. ಚುಚ್ಚಿ ನೋಡುವ ಪರೀಕ್ಷೆಗೆ ಬೂಷ್ಟಿನ ಸಾರ ಬೇಕು. ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯುವ ನಾಲ್ಕಾರು ಬೂಷ್ಟುಗಳ ಸಾರ ಮಾತ್ರ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಅವುಗಳಲ್ಲೂ ಒಂದು ಕಂಪನಿಯ ಸಾರದ ಹದ ಇನ್ನೊಂದರದಕ್ಕೆ ಸಮನಾಗಿರುವುದಿಲ್ಲ. ಅಲರ್ಜಿಗೆ ಕಾರಣವಾಗಬಲ್ಲ ಬೂಷ್ಟಿನ ಕುಲಗಳು ಎಂಬತ್ತಕ್ಕೂ ಹೆಚ್ಚಿವೆ. ಮಳೆಕಾಡುಗಳ ಗಾಳಿಯಲ್ಲಿ ಹೇರಳವಾಗಿರುವ ಅಣಬೆ ಬೀಜಕಗಳ ಸಾರ ಸಾಮಾನ್ಯ ಪರೀಕ್ಷಾ ಪಟ್ಟಿಯಲ್ಲಿ ಇರುವುದೇ ಅಪರೂಪ. ಸಿಂಗಪುರದಲ್ಲಿ ಸ್ಥಳೀಯ ಗಾಳಿಯನ್ನೇ ಹಿಡಿದು ನೋಡಿದಾಗ ಅಲ್ಲಿನ ಜರೀಗಿಡದ ಬೀಜಕಗಳಿಗೂ, ಕರ್ವುಲೇರಿಯಾದಂಥ ಉಷ್ಣವಲಯದ ಬೂಷ್ಟುಗಳಿಗೂ ಜನ ಪ್ರತಿಕ್ರಿಯಿಸುತ್ತಿದ್ದುದು ತಿಳಿದುಬಂತು. ಯುರೋಪಿನ ಪಟ್ಟಿಯನ್ನಷ್ಟೇ ಇಟ್ಟುಕೊಂಡಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಆದ್ದರಿಂದ ತೇವದ ನಾಡುಗಳಲ್ಲಿ ಬೂಷ್ಟಿನ ಅಲರ್ಜಿ ಕಡಿಮೆ ಎಂಬ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಅಲ್ಲಿ ಅಲರ್ಜಿ ಕಡಿಮೆ ಇರುವುದಕ್ಕಿಂತ ಪರೀಕ್ಷೆಯ ಬಲೆಯಲ್ಲಿ ತೂತು ದೊಡ್ಡದಿರುವುದೇ ಕಾರಣವಿರಬಹುದು.

ಈ ವಿಷಯಕ್ಕೆ ಬಹಳ ಹಳೆಯ ಚರಿತ್ರೆಯಿದೆ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಸ್ವತಃ ಉಬ್ಬಸದ ರೋಗಿ. 1698ರಲ್ಲಿ ಆತ ಬರೆದ ಪುಸ್ತಕದಲ್ಲಿ ದ್ರಾಕ್ಷಾರಸದ ನೆಲಮಾಳಿಗೆಗೆ ಹೋಗಿಬಂದವರಿಗೆ ಉಬ್ಬಸ ಕೆರಳಿದ ಪ್ರಸ್ತಾಪವಿದೆ. 1873ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಒದ್ದೆ ಹುಲ್ಲಿನ ಮೇಲೆ ಬೆಳೆದ ಬೂಷ್ಟಿನ ಬೀಜಕಗಳನ್ನು ತಾನೇ ಮೂಸಿ, ಎದೆ ಕಟ್ಟಿ, ದನಿ ಕುಸಿದದ್ದನ್ನು ಬರೆದಿಟ್ಟ. ಅದೇ ವರ್ಷ ಕಲ್ಕತ್ತೆಯಲ್ಲಿ ಡಿ.ಡಿ. ಕನಿಂಗ್‌ಹ್ಯಾಂ ಎಂಬ ಸೇನಾ ವೈದ್ಯ ಗಾಳಿಯನ್ನು ಗಾಜಿನ ತುಂಡಿನ ಮೇಲೆ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಶಿಲೀಂಧ್ರ ಬೀಜಕಗಳು ತುಂಬಿರುವುದನ್ನು ಚಿತ್ರ ಸಮೇತ ಪ್ರಕಟಿಸಿದ. ಆತ ಹುಡುಕುತ್ತಿದ್ದದ್ದು ಕಾಲರಾ, ಜ್ವರಗಳ ಮೂಲವನ್ನು. ಅದು ಸಿಗಲಿಲ್ಲ. ಆದರೆ ಗಾಳಿಯ ಬೀಜಕಗಳ ಅಧ್ಯಯನ ಭಾರತದಲ್ಲಿ ಆರಂಭವಾದದ್ದು ಹಾಗೆ. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನಿ ಎಸ್.ಎನ್. ಅಗಾಶೆ ನಗರದ ಗಾಳಿಯ ಪರಾಗ, ಬೀಜಕಗಳ ಅಧ್ಯಯನವನ್ನು ಬೆಳೆಸಿದರು. ಆ ಕೆಲಸ ರಾಜ್ಯದ ಎಲ್ಲ ಸೀಮೆಗಳಿಗೂ ಹಬ್ಬಬೇಕಿತ್ತು.

ಒಂದೇ ರಾಜ್ಯ, ಹಲವು ಗಾಳಿ

ಕರ್ನಾಟಕದ ನಕ್ಷೆಯನ್ನು ಮುಂದಿಟ್ಟುಕೊಂಡರೆ ಮೇಲೆ ಹೇಳಿದ ಎಲ್ಲ ಹವೆಗಳೂ ನಮ್ಮಲ್ಲೇ ಇವೆ. ಕರಾವಳಿ, ಮಲೆನಾಡುಗಳಲ್ಲಿ ತೊಂದರೆ ಹೆಚ್ಚಾಗಿ ಮನೆಯೊಳಗಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿಗೆ, ಪುಸ್ತಕ, ಕಪಾಟಿನ ಹಿಂಬದಿ, ಗೋಡೆಗೆ ಒರಗಿದ ಸೋಫಾ ಎಲ್ಲವೂ ತೇವ ಹೀರುತ್ತವೆ. ಗೋಡೆಯ ಮೈಗೆ ತಾಗಿದ ಗಾಳಿಯ ತೇವಾಂಶ ಶೇ 80 ದಾಟಿದರೆ ಬೂಷ್ಟಿಗೆ ಅಷ್ಟೇ ಸಾಕು, ಗೋಡೆ ತೊಟ್ಟಿಕ್ಕಬೇಕೆಂದಿಲ್ಲ. ಹಿಂದಿನ ಹೆಂಚಿನ ಮನೆಗಳಲ್ಲಿ ಗಾಳಿಯಾಡಲು ಸಂದುಗೊಂದುಗಳಿದ್ದವು, ಒಲೆಯ ಬಿಸಿ ಅಟ್ಟವನ್ನು ಒಣಗಿಸುತ್ತಿತ್ತು. ಈಗಿನ ಆರ್‌ಸಿಸಿ ಮನೆಗಳಲ್ಲಿ ಕಿಟಕಿ ಮುಚ್ಚಿದರೆ ಒಳಗಿನ ತೇವ ಒಳಗೇ. ಒಲೆಯ ಹೊಗೆಯನ್ನು ನಾನು ಹೊಗಳುತ್ತಿಲ್ಲ, ಅದು ಹೆಂಗಸರ ಶ್ವಾಸಕೋಶಕ್ಕೆ ಮಾಡಿದ ಕೇಡು ದೊಡ್ಡದು. ಹೊಗೆ ಹೋಯಿತು, ಒಳ್ಳೆಯದಾಯಿತು. ಅದರ ಜೊತೆಗೆ ಹೋದ ಗಾಳಿಯಾಟವನ್ನು ಬೇರೆ ದಾರಿಯಿಂದ ಮರಳಿ ತರಬೇಕು.

ಬೆಂಗಳೂರಿನಲ್ಲಿ ನೆರೆಮನೆಗೆ ಒತ್ತಿಕೊಂಡು ಕಟ್ಟಿದ ಗೋಡೆ, ಬಿಸಿಲೇ ಕಾಣದ ಬಚ್ಚಲುಮನೆ, ನೀರು ಜಿನುಗುವ ನೆಲಮಹಡಿ ಇವೇ ಬೂಷ್ಟಿನ ತಾಣ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಕೃಷ್ಣಾ, ಮಲಪ್ರಭಾ ತೀರದಲ್ಲಿ ನೆರೆ ಇಳಿದ ಮೇಲೆ ಜನ ಮರಳಿದ್ದು ವಾರಗಟ್ಟಲೆ ನೀರು ಕುಡಿದ ಗೋಡೆಗಳ ನಡುವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಕುರಿತೇ ಒಂದು ಮಾರ್ಗಸೂಚಿ ಹೊರಡಿಸಿದೆ. ಭಾರತವೂ ಸೇರಿ ಹಲವು ದೇಶಗಳಲ್ಲಿ ಶೇ 10ರಿಂದ 50ರಷ್ಟು ಒಳಾಂಗಣಗಳು ತೇವದಿಂದ ಕೂಡಿವೆ ಎಂಬ ಅಂದಾಜು ಅದರಲ್ಲಿದೆ. ನೆರೆ ಪರಿಹಾರದ ಪಟ್ಟಿಯಲ್ಲಿ ಅಕ್ಕಿ, ಬೇಳೆ, ಹೊದಿಕೆಗಳ ಜೊತೆಗೆ ಗೋಡೆ ಒಣಗಿಸುವ ಏರ್ಪಾಡೂ ಸೇರಬೇಕೆಂದು ಒತ್ತಾಯಿಸಲು ಇಷ್ಟು ಸಾಕು.

ನನಗೆ ಹೆಚ್ಚು ಕಳವಳವಿರುವುದು ಯಾರೂ ಅನುಮಾನಿಸದ ಸೀಮೆಯ ಬಗ್ಗೆ. ವಿಜಯಪುರ, ಬಾಗಲಕೋಟೆ, ರಾಯಚೂರು, ಕಲಬುರ್ಗಿಗಳ ಹೊಲಗಳನ್ನು ನೆನೆಸಿಕೊಳ್ಳಿ. ಮುಂಗಾರಿ ಜೋಳದ ತೆನೆ ಹಾಲುಗಟ್ಟಿ ಮಾಗುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಕರ್ವುಲೇರಿಯಾ, ಫ್ಯುಸೇರಿಯಂ, ಆಲ್ಟರ್ನೇರಿಯಾ ಎಲ್ಲ ಇರುತ್ತವೆ. ಕಾಡಿಗೆ ರೋಗ ತಗುಲಿದ ತೆನೆಯನ್ನು ಅಲುಗಿಸಿದರೆ ಕರಿ ಪುಡಿ ಉದುರುತ್ತದೆ. ಆ ಪುಡಿಯ ಕಣಕಣವೂ ಬೀಜಕ. ಈರುಳ್ಳಿಯ ನೇರಳೆ ಮಚ್ಚೆ ರೋಗ ಆಲ್ಟರ್ನೇರಿಯಾದ್ದೇ, ಟೊಮೆಟೊ ಎಲೆಯ ಮೇಲೆ ಬಳೆಬಳೆಯಾಗಿ ಕಾಣುವ ಕಂದು ಚುಕ್ಕೆಯೂ ಅದರದೇ. ಗೋದಾಮಿನಲ್ಲಿಟ್ಟ ಈರುಳ್ಳಿಯ ಸಿಪ್ಪೆಯಡಿ ಮಸಿಯಂತೆ ಕಾಣುವುದು ಆಸ್ಪರ್ಜಿಲಸ್ ನೈಗರ್. ರಾಶಿಯ ದಿನ ಯಂತ್ರದ ಬಾಯಿಗೆ ತೆನೆ ಕೊಡುವವರ, ಆಚೆ ಬದಿಯಲ್ಲಿ ಹೊಟ್ಟು ಎಳೆಯುವವರ ಮುಖಕ್ಕೆ ಇದೆಲ್ಲವೂ ಒಮ್ಮೆಲೇ ಬಂದು ಬಡಿಯುತ್ತದೆ. ರೆಪ್ಪೆಯ ಮೇಲೂ ದೂಳು ಕೂತಿರುತ್ತದೆ. ಮೂಗಿಗೆ ಸುತ್ತಿಕೊಂಡ ಟವೆಲು ದೊಡ್ಡ ಕಸವನ್ನು ತಡೆಯುತ್ತದೆ, ಬೀಜಕವನ್ನಲ್ಲ. ರಾತ್ರಿ ಕೆಮ್ಮು ಬಂದರೆ ದೂಳಾಯಿತು ಎಂದು ಬಿಸಿನೀರು ಕುಡಿದು ಮಲಗುತ್ತಾರೆ. ನೆಲದಡಿಯ ಕಾಳಿನ ಕಣಜವಾದ ಹಗೇವು ತೆಗೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರೂ ಇಳಿಯಬಾರದೆಂಬ ತಿಳಿವಳಿಕೆ ನಮ್ಮ ಹಿರಿಯರಿಗಿತ್ತು. ಅಂಚಿನ ಮುಗ್ಗಲು ಜೋಳವನ್ನು ಕೆದಕುವಾಗ ಏಳುವ ದೂಳಿಗೂ ಅಷ್ಟೇ ಎಚ್ಚರ ಬೇಕು.

ಬಿಸಿಲೂರಿನ ಮನೆಯೊಳಗೂ ಬೂಷ್ಟಿಗೆ ನಾವೇ ಜಾಗ ಮಾಡಿಕೊಟ್ಟಿದ್ದೇವೆ. ಏಪ್ರಿಲ್‌ನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಕಲಬುರ್ಗಿ, ರಾಯಚೂರು, ಬಳ್ಳಾರಿಯ ಮನೆಗಳಲ್ಲಿ ಏರ್ ಕೂಲರ್ ಇಲ್ಲದೆ ನಿದ್ದೆಯಿಲ್ಲ. ಅದರ ಮೂರು ಬದಿಗೆ ಹುಲ್ಲಿನ ಪ್ಯಾಡ್, ತಳದಲ್ಲಿ ನೀರಿನ ತೊಟ್ಟಿ. ಹೋದ ಬೇಸಿಗೆಯಲ್ಲಿ ತೋಯ್ದ ಪ್ಯಾಡನ್ನು ಬದಲಿಸದೆ, ತೊಟ್ಟಿಯ ತಳದ ಪಾಚಿ ತಿಕ್ಕದೆ ಈ ವರ್ಷ ಮತ್ತೆ ಚಾಲೂ ಮಾಡಿದಾಗ ಮೊದಲ ಗಾಳಿಯಲ್ಲಿ ಒಂದು ಮುಗ್ಗಲು ವಾಸನೆ ಬರುತ್ತದಲ್ಲ, ಅದು ಬೂಷ್ಟಿನದು. ರಾತ್ರಿಯಿಡೀ ಮಲಗಿದವರ ಮುಖಕ್ಕೆ ಆ ಗಾಳಿಯೇ ಬೀಸುತ್ತದೆ. ಭಾರತದ 19 ನಗರಗಳ 27 ಆಸ್ಪತ್ರೆಗಳು 2012ರಿಂದ 2015ರವರೆಗೆ ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವ ಬಗೆಯ ಕಾಯಿಲೆಗಳಿದ್ದ 1,084 ಜನರ ವಿವರ ಸಂಗ್ರಹಿಸಿದವು. ಅವರಲ್ಲಿ ಶೇ 47ರಷ್ಟು ಮಂದಿಗೆ ಇದ್ದದ್ದು ಉಸಿರಿನೊಂದಿಗೆ ಒಳಹೋದ ಬೂಷ್ಟು, ಹಕ್ಕಿಯ ಹಿಕ್ಕೆ ಮುಂತಾದವುಗಳಿಗೆ ದೇಹ ತೋರುವ ಅತಿ ಪ್ರತಿಕ್ರಿಯೆಯಿಂದ ಬರುವ ಶ್ವಾಸಕೋಶದ ಉರಿಯೂತ. ಈ ಉರಿಯೂತ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದರು. ಸೀನು, ಉಬ್ಬಸ ತರುವ ಅಲರ್ಜಿಗಿಂತ ಇದು ಬೇರೆಯದು. ಇನ್ಹೇಲರಿಗೆ ಬಗ್ಗುವುದಿಲ್ಲ, ತಡವಾದರೆ ಶ್ವಾಸಕೋಶ ಮೊದಲಿನಂತಾಗುವುದಿಲ್ಲ. ಆದರೆ ಆ ತೋಯ್ದ ಪ್ಯಾಡಿನಂಥ ಜಾಗಗಳು ಎರಡಕ್ಕೂ ಮೂಲವಾಗಬಲ್ಲವು. ಅರಿಜೋನಾದಲ್ಲೂ ಇಂಥ ಕೂಲರುಗಳ ಬಳಕೆ ಹಳೆಯದು. ಮರುಭೂಮಿಯ ನಡುವೆ ಜನ ತಮ್ಮ ಮಲಗುವ ಕೋಣೆಗೆ ಜೌಗು ತಂದುಕೊಂಡರು.

ಟಿಬಿಯೆಂದು ತಿಳಿದು

ಎಲ್ಲಕ್ಕಿಂತ ಗಂಭೀರವಾದ ವಿಷಯ ಇನ್ನು ಹೇಳಬೇಕಿದೆ. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಷ್ಟಿಗೆ ನಮ್ಮ ಮೈಯ 37 ಡಿಗ್ರಿ ಶಾಖ ಹಿತವಾದದ್ದು. ತಿಪ್ಪೆ, ಹಳೆ ಹುಲ್ಲು, ತೇವದ ಗೋಡೆ ಎಲ್ಲೆಡೆ ಇರುವ ಅದರ ಬೀಜಕವನ್ನು ನಾವೆಲ್ಲರೂ ದಿನವೂ ಸೇದುತ್ತೇವೆ, ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಕೆಲವು ಅಸ್ತಮಾ ರೋಗಿಗಳಲ್ಲಿ ಮಾತ್ರ ಅದು ಶ್ವಾಸನಾಳದ ಕಫದಲ್ಲೇ ನೆಲೆಯೂರುತ್ತದೆ, ದೇಹ ಅದರ ಮೇಲೆ ಹರಿಹಾಯುತ್ತ ತನ್ನ ಶ್ವಾಸನಾಳವನ್ನೇ ಹಾಳುಮಾಡಿಕೊಳ್ಳುತ್ತದೆ. 1952ರಲ್ಲಿ ಬ್ರಿಟನ್ನಿನ ವೈದ್ಯರು ಮೊದಲ ಬಾರಿಗೆ ವಿವರಿಸಿದ ಈ ಕಾಯಿಲೆಯನ್ನು ವೈದ್ಯರು ಎಬಿಪಿಎ ಎನ್ನುತ್ತಾರೆ. ಜಗತ್ತಿನಲ್ಲಿ ಇದರಿಂದ ಬಳಲುವವರು ಸುಮಾರು 48 ಲಕ್ಷ ಎಂದೂ, ಭಾರತದಲ್ಲೇ 14 ಲಕ್ಷದಷ್ಟು ಎಂದೂ ಅಂದಾಜಿದೆ.

ಇದರ ಲಕ್ಷಣಗಳು ತಿಂಗಳುಗಟ್ಟಲೆ ಕೆಮ್ಮು, ಉಬ್ಬಸ, ಕಂದು ಬಣ್ಣದ ಗಟ್ಟಿ ಕಫದ ತುಣುಕು, ಕೆಲವೊಮ್ಮೆ ಕಫದಲ್ಲಿ ರಕ್ತ, ಸಣ್ಣ ಜ್ವರ, ಎಕ್ಸ್‌ರೇಯಲ್ಲಿ ನೆರಳು. ಓದುತ್ತಿದ್ದಂತೆ ನಿಮಗೂ ಟಿಬಿ ನೆನಪಾಗಿರಬೇಕು. ವೈದ್ಯರಿಗೂ ಅದೇ ನೆನಪಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಟಿಬಿ ರೋಗಿಗಳಿರುವ ದೇಶ ನಮ್ಮದು. ಆದರೆ ಕಫದಲ್ಲಿ ಟಿಬಿ ರೋಗಾಣು ಸಿಗದಿದ್ದರೂ ಎಕ್ಸ್‌ರೇ ನೋಡಿಯೇ ಮಾತ್ರೆ ಶುರುವಾಗಿ, ಆರು ತಿಂಗಳು ನುಂಗಿ, ಗುಣವಾಗದೆ ಮತ್ತೆ ಆರು ತಿಂಗಳು ನುಂಗಿದವರಿದ್ದಾರೆ. ಚಂಡೀಗಢದ ವೈದ್ಯರು ತಮ್ಮ ಎಬಿಪಿಎ ರೋಗಿಗಳ ಹಿಂದಿನ ಚರಿತ್ರೆ ಕೆದಕಿದಾಗ ಅರ್ಧದ ಹತ್ತಿರದಷ್ಟು ಮಂದಿ ಮೊದಲು ಟಿಬಿ ಚಿಕಿತ್ಸೆ ಪಡೆದವರಾಗಿದ್ದರು. ಅಷ್ಟರಲ್ಲಿ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿಹೋಗಿರುತ್ತವೆ. ಮೊದಲೇ ಗುರುತಿಸಿದರೆ ಸ್ಟೀರಾಯ್ಡ್ ಇಲ್ಲವೇ ಶಿಲೀಂಧ್ರನಾಶಕ ಔಷಧದಿಂದ ಹತೋಟಿಗೆ ತರಬಹುದಾದ ಕಾಯಿಲೆ ಇದು. ಗುರುತಿಸಲು ಬೇಕಾದ್ದು ಮೊದಲಿಗೆ ಎರಡು ರಕ್ತಪರೀಕ್ಷೆ, ಒಟ್ಟು ಐಜಿಇ (ಅಲರ್ಜಿಯ ಪ್ರತಿಕಾಯ) ಮತ್ತು ಆಸ್ಪರ್ಜಿಲಸ್ ಐಜಿಇ. ಜಿಲ್ಲಾ ಆಸ್ಪತ್ರೆಗಳಲ್ಲಿ ಇವು ಬಡವರಿಗೂ ಎಟುಕುವಂತಾಗಬೇಕು.

2021ರಲ್ಲಿ ಕೋವಿಡ್ ಬೆನ್ನಿಗೆ ಬಂದ ಬ್ಲ್ಯಾಕ್ ಫಂಗಸ್ ಜನರನ್ನು ಬಹಳ ಹೆದರಿಸಿತು. ಅದು ಅಲರ್ಜಿಯಲ್ಲ, ಸೋಂಕು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರ ಅಂಗಾಂಶವನ್ನೇ ಹೊಕ್ಕು ಕೊಳೆಸುವ ಬೇರೆ ಜಾತಿಯ ಶಿಲೀಂಧ್ರ ಅದು. ಬಚ್ಚಲ ಗೋಡೆಯ ಕಪ್ಪು ಕಲೆ ಕಂಡು ಬ್ಲ್ಯಾಕ್ ಫಂಗಸ್ ಎಂದು ಗಾಬರಿ ಬೀಳಬೇಕಿಲ್ಲ. ಆ ಕಲೆಯನ್ನು ಹಾಗೇ ಬಿಡಲೂಬಾರದು.

ಕಲೆಯ ಮೇಲೆ ಬಣ್ಣ ಬಳಿದರೆ ಪ್ರಯೋಜನವಿಲ್ಲ. ನೀರು ಎಲ್ಲಿಂದ ಜಿನುಗುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸುವುದೇ ಮದ್ದು. ಕಪಾಟನ್ನು ಗೋಡೆಯಿಂದ ಗೇಣು ದೂರ ಸರಿಸಿ. ಬಚ್ಚಲಿಗೆ ಗಾಳಿ ಹೊರಹಾಕುವ ಫ್ಯಾನ್ ಹಾಕಿಸಿ. ಬೂಷ್ಟನ್ನು ಒಣ ಬಟ್ಟೆಯಿಂದ ಕೊಡವಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿ ಉಬ್ಬಸದವರಿದ್ದರೆ ಆ ಕೆಲಸ ಅವರ ಕೈಗೆ ಬೇಡ. ಕೂಲರಿನ ಪ್ಯಾಡನ್ನು ಪ್ರತಿ ಬೇಸಿಗೆಗೆ ಬದಲಿಸಿ, ತೊಟ್ಟಿಯನ್ನು ಆಗಾಗ ಬರಿದು ಮಾಡಿ ಒಣಗಿಸಿ. ಗಲ್ಫ್ ದೇಶಗಳಲ್ಲಿ ದುಡಿಯುವ ನಮ್ಮವರು ಎಸಿಯ ಫಿಲ್ಟರಿನ ಬಗ್ಗೆಯೂ ಇದೇ ಕಾಳಜಿ ವಹಿಸಬೇಕು. ರಾಶಿಯ ದಿನ ಟವೆಲಿನ ಬದಲು ಎನ್95 ಮಾಸ್ಕ್ ಕಟ್ಟಿಕೊಳ್ಳಿ. ಕೋವಿಡ್ ಕಾಲದಿಂದ ಅದು ಹಳ್ಳಿಯ ಔಷಧಿ ಅಂಗಡಿಯಲ್ಲೂ ಸಿಗುತ್ತದೆ.

ಸರ್ಕಾರದಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ಯಾವ ಹಂಗಾಮಿನಲ್ಲಿ ಯಾವ ಬೆಳೆಗೆ ಯಾವ ಶಿಲೀಂಧ್ರ ಬರುತ್ತದೆಂದು ಬಲ್ಲ ಸಸ್ಯರೋಗ ತಜ್ಞರು ಅಲ್ಲಿದ್ದಾರೆ. ಹರ್ಸ್ಟ್ ಮಾದರಿಯ ಒಂದೊಂದು ಯಂತ್ರವನ್ನು ಅಲ್ಲಿಟ್ಟು, ವಾರವಾರದ ಎಣಿಕೆಯನ್ನು ಹತ್ತಿರದ ವೈದ್ಯಕೀಯ ಕಾಲೇಜಿಗೆ ತಲುಪಿಸಿದರೆ, ನಮ್ಮ ಗಾಳಿಯಲ್ಲಿ ನಿಜವಾಗಿ ಇರುವ ಬೂಷ್ಟುಗಳಿಗೇ ಪರೀಕ್ಷಾ ಪಟ್ಟಿ ತಯಾರಾಗುತ್ತದೆ. ಆಗ ಹೊನ್ನಾವರದ ಮೀನುಗಾರನಿಗೂ ಇಂಡಿ ತಾಲ್ಲೂಕಿನ ರೈತನಿಗೂ ಒಂದೇ ಪಟ್ಟಿ ಹಿಡಿದು ಚುಚ್ಚಿ ನೋಡುವುದು ತಪ್ಪುತ್ತದೆ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇನ್ಹೇಲರಿಗೂ ಬಗ್ಗದ ಉಬ್ಬಸವಿದ್ದರೆ, ಅಥವಾ ಕಫದಲ್ಲಿ ಟಿಬಿ ಇಲ್ಲವೆಂದು ಬಂದರೂ ಕೆಮ್ಮು ನಿಲ್ಲದಿದ್ದರೆ, ಊರು ಒಣದ್ದಿರಲಿ ತೇವದ್ದಿರಲಿ, ಬೂಷ್ಟಿನ ಅಲರ್ಜಿಗೆ ಪರೀಕ್ಷೆ ಮಾಡಿಸಬೇಕೇ ಎಂದು ಎದೆರೋಗದ ವೈದ್ಯರನ್ನು ಬಾಯಿಬಿಟ್ಟು ಕೇಳಿ. ನಡೆಯುತ್ತಿರುವ ಔಷಧವನ್ನು ಮಾತ್ರ ಅವರು ಹೇಳುವ ತನಕ ನಿಲ್ಲಿಸಬೇಡಿ.